ಕಲಿಯಲು ತಡವೇನಿಲ್ಲ: 1960ರ ಇಟಲಿ

ಈ ವಾರ ನಿಮ್ಮನ್ನು ಇಟಲಿಗೆ ಕರೆದುಕೊಂಡು ಹೋಗುತ್ತೇನೆ. ಪಿಜ್ಜಾ, ಪಾಸ್ತಾ, ವೆನಿಸ್ಸಿನ ದೋಣಿಗಳ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇಲ್ಲಿ ಜರ್ಮನಿಯಲ್ಲಿ ಬೆಳೆದ ನಿಮಗೆ ಇಟಲಿ ಅಂದರೆ ಬೇಸಿಗೆ ರಜೆಯ ಊರು, ಪೇಟೆಬೀದಿಯ ಐಸ್‌ಕ್ರೀಮ್ ಅಂಗಡಿ. ನಾನು ಹೇಳಹೊರಟಿರುವುದು ಆ ದೇಶದ ಒಂದೇ ಒಂದು ವರ್ಷದ ಕಥೆ, 1960. ಆ ವರ್ಷ ಅಲ್ಲಿ ಒಂದು ಸಿನಿಮಾಕ್ಕಾಗಿ ದೊಡ್ಡ ಜಗಳವಾಯಿತು. ಜನ ಬೀದಿಗಿಳಿದು ಒಂದು ಸರ್ಕಾರ ಬಿತ್ತು. ರೋಮಿನಲ್ಲಿ ಒಲಿಂಪಿಕ್ಸ್ ನಡೆಯಿತು. ನವೆಂಬರ್ ತಿಂಗಳಲ್ಲಿ ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು ಟೀವಿಯಲ್ಲಿ ನಿಂತು ದೊಡ್ಡವರಿಗೆ ಅಕ್ಷರ ಕಲಿಸತೊಡಗಿದರು. ಮೊದಲ ಮೂರು ಸಂಗತಿಗಳಿಗೆ ಇತಿಹಾಸದ ಪುಸ್ತಕಗಳಲ್ಲಿ ಪುಟಗಟ್ಟಲೆ ಜಾಗ ಸಿಗುತ್ತದೆ. ನನಗೆ ಮಾತ್ರ ನಾಲ್ಕನೆಯದೇ ದೊಡ್ಡದಾಗಿ ಕಾಣುತ್ತದೆ. ಯಾಕೆ ಅಂತ ತಿಳಿಯಲು ಸ್ವಲ್ಪ ಸುತ್ತಿ ಬರಬೇಕು.

ಇಟಲಿ ಒಂದು ದೇಶವಾದದ್ದು 1861ರಲ್ಲಿ. ಆಗ ಅಲ್ಲಿನ ಜನರಲ್ಲಿ ಇಟಾಲಿಯನ್ ಭಾಷೆ ಬಲ್ಲವರು ಎಷ್ಟಿದ್ದರು ಗೊತ್ತೇ? ತುಲ್ಲಿಯೊ ದೆ ಮಾವ್ರೊ ಎಂಬ ಭಾಷಾವಿದ್ವಾಂಸರ ಲೆಕ್ಕದಲ್ಲಿ ನೂರಕ್ಕೆ ಎರಡೂವರೆ. ಬೇರೆ ವಿದ್ವಾಂಸರು ಸ್ವಲ್ಪ ಹೆಚ್ಚು ಹೇಳುತ್ತಾರೆ, ಆದರೂ ಕೈಬೆರಳಲ್ಲಿ ಎಣಿಸುವಷ್ಟೇ. ಉಳಿದವರು ಮನೆಯಲ್ಲಿ ಆಡುತ್ತಿದ್ದದ್ದು ಸಿಸಿಲಿಯನ್, ನಾಪೊಲಿತಾನ್, ವೆನೆತೊ, ಫ್ರಿಯುಲಾನ್, ಸಾರ್ದ್ ಹೀಗೆ ಹತ್ತಾರು ನುಡಿಗಳು. ಇವನ್ನು ಆಡುನುಡಿ ಎಂದು ಕರೆಯುವ ರೂಢಿಯಿದೆ. ಆದರೆ ಸಿಸಿಲಿಯ ರೈತ ಮಿಲಾನಿಗೆ ಹೋದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಮಂಗಳೂರಿನ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಅಪ್ಪ ಅಥವಾ ಅಮ್ಮ ನಿಮಗಿದ್ದರೆ ಕೇಳಿ ನೋಡಿ, ಈ ಅನುಭವವನ್ನು ಅವರು ಬೇಗ ವಿವರಿಸುತ್ತಾರೆ.

ತೊಂಬತ್ತು ವರ್ಷ ಕಳೆದ ಮೇಲೂ ಪರಿಸ್ಥಿತಿ ಪೂರ್ತಿ ಬದಲಾಗಿರಲಿಲ್ಲ. 1951ರ ಜನಗಣತಿಯ ಪ್ರಕಾರ ನೂರಕ್ಕೆ ಸುಮಾರು 13 ಜನರಿಗೆ ಓದು ಬರಹ ಬರುತ್ತಿರಲಿಲ್ಲ. ದಕ್ಷಿಣದ ಕಲಾಬ್ರಿಯಾದಲ್ಲಂತೂ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ. ನಮ್ಮ ಕಡೆ ಹೆಬ್ಬೆಟ್ಟು ಒತ್ತುವಂತೆ ಅಲ್ಲಿ ಸಹಿಯ ಜಾಗದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ಶಿಲುಬೆ ಬರೆಯುತ್ತಿದ್ದರು. ಭಾರತದ ಮೊದಲ ಚುನಾವಣೆಯಲ್ಲಿ ಪಕ್ಷಗಳಿಗೆ ಚಿಹ್ನೆ ಕೊಟ್ಟದ್ದು ಓದು ಬಾರದವರಿಗಾಗಿ ಎಂದು ಕೇಳಿರುತ್ತೀರಿ. ಇಟಲಿಯಲ್ಲೂ ಹಾಗೆಯೇ. 1946ರಲ್ಲಿ ರಾಜ ಬೇಕೋ ಗಣರಾಜ್ಯ ಬೇಕೋ ಎಂದು ಜನಮತ ಕೇಳಿದಾಗ ಮತಪತ್ರದಲ್ಲಿ ಒಂದು ಕಡೆ ಕೋಟೆಯಾಕಾರದ ಕಿರೀಟ ತೊಟ್ಟ ಹೆಂಗಸಿನ ಮುಖ, ಇನ್ನೊಂದು ಕಡೆ ರಾಜವಂಶದ ಲಾಂಛನ ಇತ್ತು. ಜನ ಹೆಂಗಸಿನ ಮುಖವನ್ನು ಆರಿಸಿದರು. ರಾಜ ದೇಶ ಬಿಟ್ಟು ಹೋದ.

ಇನ್ನು 1960ಕ್ಕೆ ಬರೋಣ. ಯುದ್ಧದಲ್ಲಿ ಸೋತು ಪುಡಿಯಾಗಿದ್ದ ದೇಶ ಹದಿನೈದು ವರ್ಷದಲ್ಲಿ ಎದ್ದು ನಿಂತಿತ್ತು. ತೂರಿನೊದಲ್ಲಿ ಫಿಯೆಟ್ ಕಾರುಗಳು, ಮಿಲಾನಿನ ಸುತ್ತ ಫ್ರಿಜ್ಜು, ವಾಷಿಂಗ್ ಮೆಷಿನ್ನು. ಕಾರ್ಖಾನೆಗಳಿಗೆ ಕೈಗಳು ಬೇಕಿದ್ದವು. ದಕ್ಷಿಣದ ಹಳ್ಳಿಗಳಿಂದ ಜನ ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟಿಕೊಂಡು ರಾತ್ರಿ ರೈಲು ಹತ್ತಿ ಉತ್ತರಕ್ಕೆ ಬಂದರು. ಇನ್ನೂ ಕೆಲವರು ಗಡಿ ದಾಟಿ ಇಲ್ಲಿಗೇ ಬಂದರು. 1955ರಲ್ಲಿ ಜರ್ಮನಿ ಹೊರದೇಶದ ಕೆಲಸಗಾರರಿಗಾಗಿ ಮಾಡಿಕೊಂಡ ಮೊದಲ ಒಪ್ಪಂದ ಇಟಲಿಯ ಜೊತೆಗೇ. ನಿಮ್ಮ ತರಗತಿಯಲ್ಲಿ ಇಟಾಲಿಯನ್ ಹೆಸರಿನ ಗೆಳೆಯರಿದ್ದರೆ ಅವರ ಅಜ್ಜನೋ ಮುತ್ತಜ್ಜನೋ ಹಾಗೆ ಬಂದವರಿರಬಹುದು.

ಗಡಿ ದಾಟಿದವರಿಗೆ ಕಾಗದಪತ್ರದ ಕಾಟ ಇದ್ದದ್ದೇ. ಆದರೆ ಸ್ವಂತ ದೇಶದೊಳಗೆ ಊರು ಬದಲಾಯಿಸಿದವರಿಗೂ ಅದು ತಪ್ಪಿರಲಿಲ್ಲ. ಮುಸೊಲಿನಿ ಕಾಲದ, 1939ರ ಒಂದು ಕಾನೂನು ಇನ್ನೂ ಜೀವಂತವಾಗಿತ್ತು. ಅದರ ಪ್ರಕಾರ ನಗರದಲ್ಲಿ ಕೆಲಸ ಇದೆ ಎಂದು ತೋರಿಸಿದರೆ ಮಾತ್ರ ಅಲ್ಲಿ ವಾಸದ ನೋಂದಣಿ. ಕೆಲಸ ಬೇಕೆಂದರೆ ವಾಸದ ನೋಂದಣಿ ತೋರಿಸಬೇಕು! ಅದನ್ನು ರದ್ದು ಮಾಡಿದ್ದು 1961ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ಲಕ್ಷಾಂತರ ಜನ ತಮ್ಮದೇ ದೇಶದಲ್ಲಿ ಕಳ್ಳರ ಹಾಗೆ ಬದುಕಿದರು. ತೂರಿನೊದಲ್ಲಿ ಬಾಡಿಗೆ ಮನೆಗಳ ಮುಂದೆ ದಕ್ಷಿಣದವರಿಗೆ ಮನೆ ಕೊಡುವುದಿಲ್ಲ ಎಂಬ ಬೋರ್ಡು ನೇತಾಡುತ್ತಿತ್ತು. ಎಷ್ಟೋ ಜನಕ್ಕೆ ಆ ಬೋರ್ಡನ್ನು ಓದಲೂ ಬರುತ್ತಿರಲಿಲ್ಲ ಎನ್ನುವುದು ನನ್ನನ್ನು ಕಾಡುತ್ತದೆ. ಈ ವಲಸೆಯನ್ನು ಕಣ್ಣಾರೆ ಕಾಣಬೇಕೆಂದರೆ ಅದೇ ವರ್ಷದ, ಲೂಕಿನೊ ವಿಸ್ಕೊಂತಿಯವರ ‘ರೊಕ್ಕೊ ಮತ್ತು ಅವನ ಸಹೋದರರು’ ಸಿನಿಮಾ ನೋಡಿ. ಲುಕಾನಿಯಾದ ಒಬ್ಬ ವಿಧವೆ ಗಂಡುಮಕ್ಕಳ ಜೊತೆ ಮಿಲಾನಿನ ರೈಲು ನಿಲ್ದಾಣದಲ್ಲಿ ಇಳಿಯುತ್ತಾಳೆ. ಅಲ್ಲಿಂದ ಒಂದು ಕುಟುಂಬ ಹೇಗೆ ಬಿರುಕು ಬಿಡುತ್ತದೆ ಎಂಬುದೇ ಕಥೆ. ಅದರ ಕೆಲವು ದೃಶ್ಯಗಳನ್ನು ಕತ್ತಲು ಮಾಡಿ ತೋರಿಸಬೇಕೆಂದು ಸರ್ಕಾರಿ ವಕೀಲರು ಪಟ್ಟು ಹಿಡಿದರು.

ಜಗಳವಾದ ಸಿನಿಮಾ ಅಂದೆನಲ್ಲ, ಅದು ಬೇರೆ. ಫೆಲಿನಿಯವರ ‘ಲಾ ದೋಲ್ಚೆ ವೀತಾ’ ಫೆಬ್ರುವರಿಯಲ್ಲಿ ತೆರೆಕಂಡಿತು. ರೋಮಿನ ಶ್ರೀಮಂತರ ಪೊಳ್ಳುತನವನ್ನು ತೋರಿಸಿದ್ದಕ್ಕೆ ಮಿಲಾನಿನ ಪ್ರದರ್ಶನದಲ್ಲಿ ಫೆಲಿನಿಯ ಮೇಲೆ ಉಗುಳಿದರು, ವ್ಯಾಟಿಕನ್ನಿನ ಪತ್ರಿಕೆ ಕೆಂಡಕಾರಿತು. ಮೇ ತಿಂಗಳಲ್ಲಿ ಅದಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. ಚಿತ್ರತಾರೆಯರ ಬೆನ್ನುಹತ್ತುವ ಫೋಟೋದವರಿಗೆ ನೀವು ಪಪರಾಜಿ ಅನ್ನುತ್ತೀರಲ್ಲ, ಆ ಪದ ಈ ಸಿನಿಮಾದ ಪಪರಾಜೊ ಎಂಬ ಪಾತ್ರದ ಹೆಸರಿನಿಂದ ಬಂದದ್ದು. ಇದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಮುಂದೆ ಹೋಗುತ್ತೇನೆ.

ರಾಜಕೀಯದಲ್ಲಿ ಮಾರ್ಚ್ ತಿಂಗಳಲ್ಲಿ ಫೆರ್ನಾಂದೊ ತಂಬ್ರೋನಿ ಪ್ರಧಾನಿಯಾದರು. ಅವರದು ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷ. ಆದರೆ ಸಂಸತ್ತಿನಲ್ಲಿ ಬಹುಮತ ಬಂದದ್ದು ಎಂಎಸ್‌ಐ ಎಂಬ ಪಕ್ಷದ ಮತಗಳಿಂದ. ಮುಸೊಲಿನಿಯ ಆಡಳಿತದಲ್ಲಿದ್ದವರು ಯುದ್ಧ ಮುಗಿದ ಮೇಲೆ ಕಟ್ಟಿಕೊಂಡ ಪಕ್ಷ ಅದು. ಆ ಪಕ್ಷ ತನ್ನ ಸಮಾವೇಶವನ್ನು ಜುಲೈ ಮೊದಲ ವಾರ ಜೆನೋವಾದಲ್ಲಿ ಮಾಡುತ್ತೇವೆ ಎಂದಿತು. ಜೆನೋವಾ ಎಂಥ ಊರು ಅಂದರೆ, 1945ರ ಏಪ್ರಿಲ್‌ನಲ್ಲಿ ಅಲ್ಲಿದ್ದ ಜರ್ಮನ್ ಸೇನಾಧಿಕಾರಿ ಶರಣಾಗತಿ ಪತ್ರಕ್ಕೆ ಸಹಿ ಮಾಡಿಕೊಟ್ಟದ್ದು ಯಾವುದೇ ಸೈನ್ಯದ ಜನರಲ್ಲಿಗಲ್ಲ, ರೆಮೊ ಸ್ಕಾಪ್ಪಿನಿ ಎಂಬ ಕಾರ್ಮಿಕನಿಗೆ. ಅಂಥ ಊರಿನಲ್ಲಿ ಸಮಾವೇಶ! ಜೂನ್ 28ರಂದು ಸಾಂದ್ರೊ ಪೆರ್ತಿನಿ ಅಲ್ಲಿನ ಚೌಕದಲ್ಲಿ ಭಾಷಣ ಮಾಡಿದರು. 30ರಂದು ಬಂದರಿನ ಕೂಲಿಗಳು, ಹಳೆಯ ಹೋರಾಟಗಾರರು ಬೀದಿಗಿಳಿದರು. ಅವರ ಜೊತೆಗೆ, ಯಾರೂ ನಿರೀಕ್ಷಿಸದಿದ್ದ ಇನ್ನೊಂದು ಗುಂಪೂ ಇತ್ತು. ಯುದ್ಧ ನೆನಪೇ ಇಲ್ಲದ ಹದಿನೆಂಟು ಇಪ್ಪತ್ತರ ಹುಡುಗರು, ಆಗಿನ ಫ್ಯಾಷನ್ನಿನ ಪಟ್ಟೆಪಟ್ಟೆ ಟೀ ಶರ್ಟು ಹಾಕಿಕೊಂಡವರು. ಈ ಪೀಳಿಗೆಗೆ ಕಾರು, ಸಂಗೀತ ಬಿಟ್ಟರೆ ಬೇರೇನೂ ಬೇಕಿಲ್ಲ ಎಂದು ಪತ್ರಿಕೆಗಳು ಬೈಯುತ್ತಿದ್ದ ಹುಡುಗರೇ ಅವರು. ಸಮಾವೇಶ ನಡೆಯಲಿಲ್ಲ.

ಆಮೇಲಿನ ವಾರ ಬಹಳ ಕೆಟ್ಟದ್ದು. ಜುಲೈ 7ರಂದು ರೆಜ್ಜೊ ಎಮಿಲಿಯಾದಲ್ಲಿ ಮುಷ್ಕರಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಐವರು ಸತ್ತರು. ಅವರಲ್ಲಿ ಚಿಕ್ಕವನು ಓವಿದಿಯೊ ಫ್ರಾಂಕಿ, 19 ವರ್ಷ. ಅಂದಿನ ಗುಂಡಿನ ಸದ್ದು ಟೇಪ್ ರೆಕಾರ್ಡರಿನಲ್ಲಿ ಉಳಿದಿದೆ. ಕೋರ್ಟಿನಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ತಂಬ್ರೋನಿ ಜುಲೈ 19ರಂದು ರಾಜೀನಾಮೆ ಕೊಟ್ಟರು. ಭಾಷಣ ಮಾಡಿದ ಪೆರ್ತಿನಿ ಹದಿನೆಂಟು ವರ್ಷದ ನಂತರ ಇಟಲಿಯ ರಾಷ್ಟ್ರಪತಿಯಾದರು.

ಇದೇ ವರ್ಷ ಮೇ ತಿಂಗಳಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ಆಗಿತ್ತು. ರೋಸಾ ಒಲಿವಾ ಎಂಬ ತರುಣಿ ಜಿಲ್ಲಾಡಳಿತದ ಉನ್ನತ ಹುದ್ದೆಗಳ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಹೆಣ್ಣೆಂಬ ಕಾರಣಕ್ಕೆ ಅರ್ಜಿ ವಾಪಸ್ ಬಂತು. ಅವಳು ತನ್ನ ಪ್ರೊಫೆಸರರನ್ನೇ ವಕೀಲರನ್ನಾಗಿ ಮಾಡಿಕೊಂಡು ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಗಿ ಗೆದ್ದಳು. ಸಂವಿಧಾನದಲ್ಲಿ ಹನ್ನೆರಡು ವರ್ಷದಿಂದ ಬರೆದೇ ಇದ್ದ ಸಮಾನತೆಯನ್ನು ಒಬ್ಬಳು ಓದಿ, ಇದು ನನಗೂ ಅನ್ವಯಿಸುತ್ತದೆ ತಾನೇ ಎಂದು ಕೇಳಬೇಕಾಯಿತು. ಕೇಳಲು ಮೊದಲು ಓದಲು ಬರಬೇಕು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಗಸ್ಟ್ 25ಕ್ಕೆ ಒಲಿಂಪಿಕ್ಸ್ ಶುರುವಾಯಿತು. ಪುರಾತನ ಕಟ್ಟಡಗಳ ಅವಶೇಷಗಳಲ್ಲಿ ಕುಸ್ತಿ, ಜಿಮ್ನಾಸ್ಟಿಕ್ಸ್. ಭಾರತದವರಿಗೆ ಇದು ಮಿಲ್ಖಾ ಸಿಂಗ್ 400 ಮೀಟರ್ ಓಟದಲ್ಲಿ ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದ ಒಲಿಂಪಿಕ್ಸ್, ಹಾಕಿಯಲ್ಲಿ ಮೊದಲ ಸಲ ಚಿನ್ನ ಕೈಬಿಟ್ಟ ಒಲಿಂಪಿಕ್ಸ್. ಕುದುರೆ ಸವಾರಿಯಲ್ಲಿ ಚಿನ್ನ ಗೆದ್ದು ಇಡೀ ಇಟಲಿಯ ಚಪ್ಪಾಳೆ ಪಡೆದ ರೈಮೊಂದೊ ದಿಂಝೆಯೊ ಎರಡು ತಿಂಗಳ ಹಿಂದಷ್ಟೇ, ಜುಲೈ 6ರಂದು, ರೋಮಿನಲ್ಲಿ ಪ್ರತಿಭಟನೆಕಾರರ ಮೇಲೆ ಕುದುರೆ ನುಗ್ಗಿಸಿದ ಪಡೆಯ ಮುಂದಾಳಾಗಿದ್ದವರು. ಒಂದು ದೇಶದ ಒಂದೇ ಬೇಸಿಗೆಯಲ್ಲಿ ಎಷ್ಟೆಲ್ಲ ಹಿಡಿಸುತ್ತದೆ ನೋಡಿ. ಸೆಪ್ಟೆಂಬರ್ 10ರ ಸಂಜೆ ಮ್ಯಾರಥಾನ್. ಪಂಜಿನ ಬೆಳಕಿನಲ್ಲಿ ಬರಿಗಾಲಲ್ಲಿ ಓಡಿ ಗೆದ್ದವರು ಇಥಿಯೋಪಿಯಾದ ಅಬೆಬೆ ಬಿಕಿಲಾ, ಚಕ್ರವರ್ತಿಯ ಕಾವಲುಪಡೆಯ ಸೈನಿಕ. ಅವರು ಓಡಿದ ದಾರಿಯಲ್ಲೇ ಆಕ್ಸುಂ ಊರಿನ ಒಂದು ದೊಡ್ಡ ಶಿಲಾಸ್ತಂಭ ನಿಂತಿತ್ತು. ಇಥಿಯೋಪಿಯಾವನ್ನು ಆಕ್ರಮಿಸಿದಾಗ ಮುಸೊಲಿನಿ ಸರ್ಕಾರ ಕಿತ್ತು ತಂದದ್ದು ಅದು. ಕಂಬ ಊರಿಗೆ ವಾಪಸಾದದ್ದು 2005ರಲ್ಲಿ.

ಅಕ್ಟೋಬರ್‌ನಲ್ಲಿ, ಸ್ಥಳೀಯ ಚುನಾವಣೆಗೆ ಮುಂಚೆ, ಟೀವಿಯಲ್ಲಿ ಮೊದಲ ಬಾರಿಗೆ ಎಲ್ಲ ಪಕ್ಷಗಳ ನಾಯಕರು ಬಂದು ಕೂತು ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರಿಸಿದರು. ಇಟಲಿಯಲ್ಲಿ ಟೀವಿ ಶುರುವಾಗಿ ಆಗ ಏಳನೆಯ ವರ್ಷ. ಎಲ್ಲರ ಮನೆಯಲ್ಲೂ ಸೆಟ್ ಇರಲಿಲ್ಲ, ಕಾಫಿ ಅಂಗಡಿಯಲ್ಲೋ ಚರ್ಚಿನ ಹಾಲ್‌ನಲ್ಲೋ ಗುಂಪಾಗಿ ಕೂತು ನೋಡುತ್ತಿದ್ದರು. ‘ರಾಮಾಯಣ’ ಧಾರಾವಾಹಿಯ ಕಾಲದಲ್ಲಿ ನಮ್ಮ ಬೀದಿಗಳಲ್ಲಿ ಟೀವಿ ಇದ್ದವರ ಮನೆಯೇ ಟೆಂಟು ಆದ ಹಾಗೆ.

ನವೆಂಬರ್ 15ರ ಸಂಜೆ, ಊಟದ ಹೊತ್ತಿಗೆ ಮುಂಚೆ, ಆ ಪೆಟ್ಟಿಗೆಯಲ್ಲಿ ಆಲ್ಬೆರ್ತೊ ಮಾನ್ಝಿ ಕಾಣಿಸಿಕೊಂಡರು. ವಯಸ್ಸು 36. ಮುಂಚೆ ಬಾಲಾಪರಾಧಿಗಳ ಜೈಲಿನಲ್ಲಿ ಪಾಠ ಹೇಳಿದ್ದವರು, ಮಕ್ಕಳ ಕಾದಂಬರಿಗಳ ಲೇಖಕರು. ಕಾರ್ಯಕ್ರಮದ ಹೆಸರಿನ ಅರ್ಥ, ಎಂದಿಗೂ ತಡವಾಗಿಲ್ಲ. ಶಿಕ್ಷಣ ಇಲಾಖೆ ಮತ್ತು ಸರ್ಕಾರಿ ಪ್ರಸಾರ ಸಂಸ್ಥೆ ಸೇರಿ ಮಾಡಿದ್ದು. ಆಯ್ಕೆಯ ದಿನ ಕೈಗೆ ಕೊಟ್ಟ ಪಾಠದ ಹಾಳೆಯನ್ನು ಮಾನ್ಝಿ ಹರಿದು ಹಾಕಿ, ದೊಡ್ಡ ಕಾಗದ ಮತ್ತು ಇದ್ದಿಲು ಕೊಡಿ ಎಂದರು ಅನ್ನುವ ಕಥೆ ಪ್ರಸಿದ್ಧ. ಟೀವಿಯಲ್ಲಿ ಅವರು ಮಾಡುತ್ತಿದ್ದದ್ದೂ ಅದನ್ನೇ. ಒಂದೆರಡು ಗೆರೆ ಎಳೆಯುತ್ತಾರೆ, ಮಾತಾಡುತ್ತಲೇ ಇರುತ್ತಾರೆ. ಇದೇನಿರಬಹುದು ಎಂದು ನೋಡುವವರಿಗೆ ಕುತೂಹಲ ಹುಟ್ಟುತ್ತದೆ. ಚಿತ್ರ ಪೂರ್ತಿಯಾದಾಗ ಅದರ ಹೆಸರು, ಹೆಸರಿನೊಳಗಿನ ಅಕ್ಷರ. ದಡ್ಡರಿಗೆ ಹೇಳುವ ದನಿ ಎಲ್ಲೂ ಇಲ್ಲ. ಎದುರು ಕೂತವರು ಹೊಲ ಉತ್ತವರು, ಮಕ್ಕಳನ್ನು ಸಾಕಿದವರು, ಲೋಕ ಕಂಡವರು, ಅವರಿಗೆ ಗೊತ್ತಿಲ್ಲದ್ದು ಅಕ್ಷರ ಮಾತ್ರ ಎಂಬುದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಹಳ್ಳಿಹಳ್ಳಿಗಳಲ್ಲಿ ಟೀವಿ ಇಟ್ಟ ಕಲಿಕೆಯ ಕೇಂದ್ರಗಳಿದ್ದವು. ಪಾಠ ಮುಗಿದ ಮೇಲೆ ಅಲ್ಲಿನ ಶಿಕ್ಷಕರು ಬರೆಸಿ ತಿದ್ದುತ್ತಿದ್ದರು. ಇಟಾಲಿಯನ್ ಕೂಡ ಕನ್ನಡದ ಹಾಗೆ ಹೆಚ್ಚುಕಡಿಮೆ ಉಚ್ಚರಿಸಿದಂತೆಯೇ ಬರೆಯುವ ಭಾಷೆ, ಅದೂ ನೆರವಾಯಿತು.

1968ರವರೆಗೆ ಕಾರ್ಯಕ್ರಮ ನಡೆಯಿತು. ಅದರ ಸಹಾಯದಿಂದ ಸುಮಾರು 14 ಲಕ್ಷ ಜನ ಪ್ರಾಥಮಿಕ ಶಾಲೆಯ ಪ್ರಮಾಣಪತ್ರ ಪಡೆದರು ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಈ ಲೆಕ್ಕಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಕಲಿತದ್ದರ ಉಪಯೋಗ. ಉತ್ತರಕ್ಕೋ ಜರ್ಮನಿಗೋ ಹೋದ ಮಗನ ಪತ್ರವನ್ನು ಪಾದ್ರಿಯ ಹತ್ತಿರ ಓದಿಸಿಕೊಳ್ಳುವ ತಾಯಿಗೆ ಗುಟ್ಟು ಎಂಬುದೇ ಇರುವುದಿಲ್ಲ. ಸಂಬಳದ ಚೀಟಿ, ಬಾಡಿಗೆಯ ಕರಾರು, ಮನೆಗಳ ಮುಂದಿನ ಆ ಬೋರ್ಡು, ರೋಸಾ ಒಲಿವಾ ಓದಿದ ಆ ಸಂವಿಧಾನ, ಎಲ್ಲವೂ ಬೇರೆಯವರ ಬಾಯಲ್ಲೇ ಇರುತ್ತದೆ.

ಇದಕ್ಕೆ ಬೆಲೆಯನ್ನೂ ತೆತ್ತರು. ಟೀವಿ ಕಲಿಸಿದ್ದು ಒಂದೇ ಭಾಷೆ. ಮನೆಯ ನುಡಿ ನಿಧಾನವಾಗಿ ಅಡುಗೆಮನೆಗೆ, ಆಮೇಲೆ ಅಜ್ಜಿಯ ಕೋಣೆಗೆ ಸರಿಯಿತು. ತಾಯಿಯ ಊರಿನ ಫ್ರಿಯುಲಾನ್ ನುಡಿಯಲ್ಲಿ ಮೊದಲ ಕವಿತೆಗಳನ್ನು ಬರೆದಿದ್ದ ಪಸೊಲಿನಿ, ಟೀವಿ ಜನರ ನಾಲಗೆಯನ್ನು ಒಂದೇ ಅಚ್ಚಿಗೆ ಹಾಕುತ್ತಿದೆ ಎಂದು ಮುಂದೆ ಕಟುವಾಗಿ ಬರೆದರು. ಅವರ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಓದು ಬಲ್ಲವರಿಗೆ ಆ ದುಃಖ ಸುಲಭ ಎಂದೂ ಅನ್ನಿಸುತ್ತದೆ. ಶಿಲುಬೆ ಬರೆಯುತ್ತಿದ್ದ ಕೈಗೆ ತನ್ನ ಹೆಸರು ಬರೆಯುವ ಆಸೆ ಇದ್ದರೆ ಬೇಡ ಎನ್ನಲು ನಾವು ಯಾರು? ಮನೆಯ ನುಡಿಗೂ ಅಕ್ಷರ ಕಲಿಸುವ ಇನ್ನೊಬ್ಬ ಮಾನ್ಝಿ ಇರಬೇಕಿತ್ತು, ಇರಲಿಲ್ಲ.

ನಿಮ್ಮಲ್ಲಿ ಹಲವರು ಇದನ್ನು ಓದುತ್ತಿಲ್ಲ, ಕೇಳುತ್ತಿದ್ದೀರಿ. ಅಜ್ಜಿಯ ಜೊತೆ ಫೋನಿನಲ್ಲಿ ಸರಾಗವಾಗಿ ಕನ್ನಡ ಆಡುತ್ತೀರಿ, ಅವರು ವಾಟ್ಸಾಪಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದದ್ದನ್ನು ಅಮ್ಮನಿಗೆ ತೋರಿಸಿ ಏನಿದು ಎಂದು ಕೇಳುತ್ತೀರಿ. ನೀವು ಅನಕ್ಷರಸ್ಥರಲ್ಲ, ಜರ್ಮನ್, ಇಂಗ್ಲಿಷ್ ಎರಡರಲ್ಲೂ ಪಂಡಿತರು. ಮಾನ್ಝಿಯವರ ಕೆಲವು ಪಾಠಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಇಟಾಲಿಯನ್ ಬಾರದಿದ್ದರೂ ನೋಡಿ. ಇದ್ದಿಲಿನ ಮೊದಲ ಗೆರೆ ಏನಾಗುತ್ತದೆ ಎಂದು ನೀವೂ ಊಹಿಸತೊಡಗುತ್ತೀರಿ.