ದೇವರಾಯನದುರ್ಗ ಅರಣ್ಯ

ತುಮಕೂರು ನಗರದ ಪೂರ್ವಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿರುವ ಬೆಟ್ಟಗಾಡು; ಅರಣ್ಯ ಇಲಾಖೆಯ ಸುಪರ್ದಿನಲ್ಲಿರುವ ರಾಜ್ಯ ಅರಣ್ಯ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀ. ಹಿಂದೆ ಜಡಕನದುರ್ಗ ಎನಿಸಿಕೊಂಡಿದ್ದ ಇದಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಈಗಿನ ಹೆಸರು ಬಂತು. ತುದಿಯಲ್ಲಿ ಯೋಗನರಸಿಂಹ, ಕೆಳಗೆ ಭೋಗನರಸಿಂಹ ದೇವಾಲಯಗಳಿವೆ.

ನೀರು: ಕಾವೇರಿ ಮತ್ತು ಪೆನ್ನಾರ್ ಕೊಳ್ಳಗಳನ್ನು ಬೇರ್ಪಡಿಸುವ ದಿಣ್ಣೆ ಇದು. ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪೆನ್ನಾರ್ ಸೇರುತ್ತದೆ. ಇಲ್ಲಿಯೇ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಮೂಲಕ ಸಾಗಿ ಕಾವೇರಿಯನ್ನು ಕೂಡುತ್ತದೆ. ಆದ್ದರಿಂದ ಈ ಕಾಡು ಬೋಳಾದರೆ ಅದರ ಪೆಟ್ಟು ತಪ್ಪಲಿನ ಊರುಗಳಿಗಷ್ಟೇ ಅಲ್ಲ, ದೂರದ ಕೆರೆಗಳಿಗೂ ತಟ್ಟುತ್ತದೆ. ಬೆಟ್ಟದ ತಪ್ಪಲಿನ ನಾಮದ ಚಿಲುಮೆಯಲ್ಲಿ ಬಂಡೆಯೊಳಗಿನಿಂದ ಬೇಸಿಗೆಯಲ್ಲೂ ನೀರು ಜಿನುಗುತ್ತದೆ. ಹಣೆಗೆ ನಾಮವಿಡಲು ನೀರು ಸಿಗದ ರಾಮ ಬಾಣ ಹೊಡೆದು ಇದನ್ನು ಚಿಮ್ಮಿಸಿದನೆಂಬುದು ಸ್ಥಳೀಯರ ನಂಬಿಕೆ.

ಜೀವಿಗಳು: ಎಲೆ ಉದುರಿಸುವ ಒಣ ಕಾಡು, ಕುರುಚಲು, ಬೋಳು ಬಂಡೆ ಒಂದರ ಪಕ್ಕ ಒಂದಿವೆ. ಚಿರತೆ, ಕರಡಿ, ಕಾಡುಹಂದಿ, ನರಿ, ನವಿಲು, ಕೋತಿಗಳಿವೆ. ಕರಡಿಯ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮಣ್ಣನ್ನು ಊದಿ ಹಾರಿಸಿ, ಆ ಹಲ್ಲಿಲ್ಲದ ಸಂದಿನಿಂದಲೇ ಗೆದ್ದಲನ್ನು ಸೊರ್ರನೆ ಹೀರಿಕೊಳ್ಳುತ್ತದೆ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಕಾಣಸಿಗುವ, ಅಪಾಯದ ಅಂಚಿನಲ್ಲಿರುವ ಹಳದಿ ಕೊರಳಿನ ಪಿಕಳಾರ ಇಲ್ಲಿ ದಾಖಲಾಗಿದ್ದು, ಪಕ್ಷಿವೀಕ್ಷಕರು ಇದನ್ನು ಹುಡುಕಿಕೊಂಡೇ ಬರುತ್ತಾರೆ.

ಸಂರಕ್ಷಣೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿ ಚಿರತೆ, ಕರಡಿ ಎರಡೂ ಇವೆ, ಅವುಗಳ ಬೇಟೆ ಅಪರಾಧ. ಬೇಸಿಗೆಯ ಕಾಡ್ಗಿಚ್ಚು ದೊಡ್ಡ ಕಂಟಕ. ಒಣಹುಲ್ಲಿಗೆ ಬಿದ್ದ ಒಂದು ಬೀಡಿಯ ಕಿಡಿ ಸಸಿ, ನೆಲದ ಗೂಡುಗಳನ್ನೆಲ್ಲ ಸುಟ್ಟುಹಾಕುತ್ತದೆ. ಇದನ್ನು ತಡೆಯಲು ಮೊದಲೇ ಬೆಂಕಿ ರೇಖೆ (ಹುಲ್ಲು ತೆಗೆದ ಬೋಳು ಪಟ್ಟಿ) ಎಳೆಯಲಾಗುತ್ತದೆ.

ಚಿರತೆಗೆ ಕಾಡಿನ ಗಡಿಯಿಲ್ಲ. ಗುಬ್ಬಿ, ಕುಣಿಗಲ್ ಸೀಮೆಯ ಕಲ್ಲುಗುಡ್ಡ, ಪೊದೆ, ತೋಟಗಳಲ್ಲೂ ಅದು ನಾಯಿ, ಮೇಕೆಗಳನ್ನು ಹಿಡಿದು ಬದುಕುತ್ತದೆ. 2019ರ ಕೊನೆ ಮತ್ತು 2020ರ ಆರಂಭದ ತಿಂಗಳುಗಳಲ್ಲಿ ಈ ಭಾಗದಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಹಲವರು ಬಲಿಯಾದರು. ಒಂದನ್ನು ಬೋನಿಗೆ ಹಾಕಿ ಸಾಗಿಸಿದರೆ ಆ ಜಾಗಕ್ಕೆ ಇನ್ನೊಂದು ಬರುವುದುಂಟು. ಹಾಗಾಗಿ ಕೊಟ್ಟಿಗೆಗೆ ಗಟ್ಟಿ ಬಾಗಿಲು, ಮನೆಯ ಸುತ್ತ ಪೊದೆ ಸವರುವುದು, ಮುಸ್ಸಂಜೆಯಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡದಿರುವುದು ಬೋನಿಗಿಂತ ಹೆಚ್ಚು ಕಾಲ ಕಾಯುತ್ತವೆ.

ಭೇಟಿ: ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಮಳೆಗಾಲ ಮುಗಿದ ಮೇಲಿನ ಬೆಳಗುಗಳು ಪಕ್ಷಿವೀಕ್ಷಣೆಗೆ ಹೇಳಿಮಾಡಿಸಿದಂಥವು. ಕಾಡೊಳಗೆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೋತಿಗಳಿಗೆ ತಿಂಡಿ ಹಾಕಬಾರದು: ಕೈತಿಂಡಿಗೆ ಒಗ್ಗಿದ ಕೋತಿ ಕಾಡಿನ ಹಣ್ಣು ಬಿಟ್ಟು ರಸ್ತೆಗಿಳಿಯುತ್ತದೆ, ವಾಹನಕ್ಕೆ ಸಿಕ್ಕಿ ಸಾಯುತ್ತದೆ.