ಲ್ಯಾಪ್‌ಟಾಪಿನ ಬದಿಯ ಕಿಂಡಿ

1981ರಲ್ಲಿ ಮಾರುಕಟ್ಟೆಗೆ ಬಂದ ಆಸ್ಬೋರ್ನ್-1 ಎಂಬ ‘ಒಯ್ಯಬಹುದಾದ’ ಕಂಪ್ಯೂಟರು ಹೊಲಿಗೆ ಯಂತ್ರದ ಪೆಟ್ಟಿಗೆಯನ್ನು ಹೋಲುತ್ತಿದ್ದು, ಸುಮಾರು 11 ಕಿಲೋ ತೂಗುತ್ತಿದ್ದುದರಿಂದ ಅದಕ್ಕೆ ಅದರ ಭಾರವೇ ಒಂದು ಮಟ್ಟಿನ ಕಾವಲಾಗಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಯಂತ್ರ ಮೂರು ಕಿಲೋದಷ್ಟಕ್ಕೆ ಇಳಿದು ಕೈಚೀಲದೊಳಗೆ ಅಡಗುವಂತಾದಾಗ, ಒಡೆಯನಿಗೆ ಒದಗಿದ ಅನುಕೂಲವೇ ಕಳ್ಳನಿಗೂ ಒದಗಿತು.

1992ರಲ್ಲಿ ಅಮೆರಿಕದ ಕೆನ್ಸಿಂಗ್ಟನ್ ಕಂಪನಿ ತಂದ ಬೀಗ ಇದಕ್ಕೆ ಉತ್ತರವಾಗಿತ್ತು. ಯಂತ್ರದ ಬದಿಯಲ್ಲಿ ಸುಮಾರು 7 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲದ ಕಿಂಡಿಯೊಂದಿರುತ್ತದೆ. ಬೀಗದ ತುದಿಯ ಟಿ ಆಕಾರದ ನಾಲಿಗೆ ಅದರೊಳಗೆ ನೇರವಾಗಿ ಹೊಕ್ಕು, ಕೀಲಿಕೈ ತಿರುಗಿಸಿದೊಡನೆ ಕಾಲು ಸುತ್ತು ಹೊರಳಿ ಅಡ್ಡಲಾಗಿ ನಿಲ್ಲುತ್ತದೆ. ಬೀಗಕ್ಕೆ ಸೇರಿದ ಉಕ್ಕಿನ ಕೇಬಲನ್ನು ಮೇಜಿನ ಕಾಲಿಗೆ ಸುತ್ತಿದರೆ ಕೆಲಸ ಮುಗಿಯಿತು. ಬಲವಂತವಾಗಿ ಕಿತ್ತರೆ ಯಂತ್ರದ ಕವಚವೇ ಒಡೆದು ಅದರ ಮರುಮಾರಾಟದ ಬೆಲೆ ಕುಸಿಯುತ್ತದೆಂಬುದು ಇದರ ಹಿಂದಿನ ಲೆಕ್ಕಾಚಾರ. ದನವನ್ನು ಗೂಟಕ್ಕೆ ಕಟ್ಟುವಷ್ಟು ಹಳೆಯದಾದ ಈ ಉಪಾಯವನ್ನು ಇಷ್ಟು ಸಣ್ಣ ಕಿಂಡಿಯಲ್ಲಿ ಸಾಧಿಸಿದ್ದು ನಿಜಕ್ಕೂ ಮೆಚ್ಚಬೇಕಾದ ಕುಶಲತೆ. ಆದರೂ 2004ರಲ್ಲಿ, ದುಂಡು ಕೀಲಿಕೈಯ ಸೈಕಲ್ ಬೀಗಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದಲೇ ತೆರೆಯಬಹುದೆಂದು ಬಯಲಾದಾಗ, ಅದೇ ಬಗೆಯ ಕೀಲಿಕೈ ಬಳಸುತ್ತಿದ್ದ ಲ್ಯಾಪ್‌ಟಾಪ್ ಬೀಗಗಳ ಮೇಲಿನ ನಂಬಿಕೆಯೂ ಅಲುಗಿತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2006ರ ಮೇ ತಿಂಗಳಲ್ಲಿ. ಅಮೆರಿಕದ ನಿವೃತ್ತ ಸೈನಿಕರ ಇಲಾಖೆಯ ನೌಕರನೊಬ್ಬ ಕಚೇರಿಯ ಕಡತಗಳನ್ನು ಮನೆಗೆ ಒಯ್ದಿದ್ದು, ಮೇರಿಲ್ಯಾಂಡಿನ ಆ ಮನೆಗೆ ಕನ್ನ ಬಿದ್ದಾಗ, ಸುಮಾರು 2.65 ಕೋಟಿ ಜನರ ಹೆಸರು, ಜನ್ಮದಿನಾಂಕ ಮೊದಲಾದ ವಿವರಗಳಿದ್ದ ಸಾಧನಗಳು ಕಳವಾದವು. ಜೂನ್‌ನಲ್ಲಿ ಅವು ಮರಳಿ ಸಿಕ್ಕಿ, ವಿವರಗಳನ್ನು ಯಾರೂ ತೆರೆದು ನೋಡಿಲ್ಲವೆಂದು ತನಿಖೆ ತಿಳಿಸಿದರೂ, 2009ರಲ್ಲಿ ಇಲಾಖೆ 2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಕಳವಾದ ಯಂತ್ರದ ಬೆಲೆಗೂ ಅದರೊಳಗಿನ ಮಾಹಿತಿಯ ಬೆಲೆಗೂ ಇರುವ ಅಂತರ ಇಷ್ಟು ನಿಚ್ಚಳವಾಗಿ ಕಂಡ ಪ್ರಸಂಗಗಳು ವಿರಳ.

ಅಲ್ಲಿಂದ ಮುಂದೆ ಗೂಢಲಿಪೀಕರಣ, ಅಂದರೆ ಕೀಲಿಪದವಿಲ್ಲದೆ ಓದಲಾಗದಂತೆ ಮಾಹಿತಿಯನ್ನು ಮಾರ್ಪಡಿಸಿಡುವ ವಿಧಾನ, ಕಚೇರಿಗಳಲ್ಲಿ ನಿಯಮವಾಗತೊಡಗಿತು. ಅದಕ್ಕೂ ಮಿತಿಯಿದೆಯೆಂದು 2008ರಲ್ಲಿ ಪ್ರಿನ್ಸ್‌ಟನ್ನಿನ ಸಂಶೋಧಕರು ತೋರಿಸಿದರು. ದೂಳು ಊದುವ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಸಿಂಪಡಿಸಿ ಮೆಮೊರಿ ಚಿಪ್‌ಗಳನ್ನು ಮೈನಸ್ 50 ಡಿಗ್ರಿಯವರೆಗೆ ತಣಿಸಿದಾಗ, ವಿದ್ಯುತ್ ಕಡಿದ ಹಲವು ನಿಮಿಷಗಳ ಬಳಿಕವೂ ಗೂಢಲಿಪಿಯ ಕೀಲಿ ಅವುಗಳಲ್ಲಿ ಉಳಿದಿತ್ತು. ಮುಚ್ಚಳವನ್ನಷ್ಟೇ ಮುಚ್ಚಿ ಒಯ್ಯುವ ಬದಲು ಯಂತ್ರವನ್ನು ಪೂರ್ತಿ ಆರಿಸಿ ಪ್ರಯಾಣಕ್ಕೆ ಹೊರಡಬೇಕೆಂಬ ಸಲಹೆಗೆ ಬಲ ಬಂದದ್ದು ಇದರಿಂದ.

ಅದೇ ವರ್ಷ ಬಂದ ಮ್ಯಾಕ್‌ಬುಕ್ ಏರ್‌ನಲ್ಲಿ ಬೀಗದ ಕಿಂಡಿಯೇ ಇರಲಿಲ್ಲ. ತೆಳುವಿಗೆ ತೆತ್ತ ಈ ಬೆಲೆ ಹೆಚ್ಚಾಯಿತೆಂದೇ ಹೇಳಬೇಕು, ಏಕೆಂದರೆ ಗೂಢಲಿಪಿ ಗುಟ್ಟನ್ನು ಕಾಯಬಲ್ಲದೇ ಹೊರತು ಬೇರೆ ಪ್ರತಿಯಿಲ್ಲದ ಪ್ರಬಂಧವನ್ನು ಮರಳಿ ಕೊಡಲಾರದು. ರೈಲು ಪ್ರಯಾಣದಲ್ಲಂತೂ ಕಳೆದ ಯಂತ್ರಕ್ಕೆ ಪರಿಹಾರ ಸಿಗುವುದೂ ಸುಲಭವಲ್ಲ: ಭಾರತದ 1989ರ ರೈಲ್ವೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಪ್ರಯಾಣಿಕರು ತಮ್ಮೊಂದಿಗೇ ಒಯ್ಯುವ ಸಾಮಾನು ಕಳೆದರೆ, ಸಿಬ್ಬಂದಿಯ ನಿರ್ಲಕ್ಷ್ಯ ಸಾಬೀತಾಗದ ಹೊರತು ರೈಲ್ವೆ ಹೊಣೆಯಲ್ಲ. ಹಾಗಾಗಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ರೈಲು ಹತ್ತುವವರು ಕಿಂಡಿಯಿಲ್ಲದ ಲ್ಯಾಪ್‌ಟಾಪನ್ನು ಚೀಲದೊಳಗಿಟ್ಟು, ಆ ಚೀಲವನ್ನು ಕೆಳಬರ್ತಿನ ಅಡಿಯ ಕಬ್ಬಿಣದ ಬಳೆಗೆ ಸರಪಳಿಯಿಂದ ಬಿಗಿದು ಬೀಗ ಹಾಕುತ್ತಾರೆ.