ಸಲಿಂಗಪ್ರಣಯದ ಕಾದಂಬರಿಗಳೂ ಅವುಗಳ ವಾಚಕರೂ

೧

ಪ್ರಣಯಕಥೆಯ ಸ್ವಾರಸ್ಯವೆಲ್ಲ ಮೂರು ಸಂಗತಿಗಳಲ್ಲಿ ಅಡಗಿದೆ. ಇಬ್ಬರು ಒಬ್ಬರನ್ನೊಬ್ಬರು ಒಲಿಯುವುದು ಮೊದಲನೆಯದು. ಒಲಿದವರಿಗೆ ಅಡ್ಡಿಯೊದಗುವುದು ಎರಡನೆಯದು. ಅಡ್ಡಿಯು ಕಳೆದು ಅವರು ಕೂಡುವುದು ಮೂರನೆಯದು. ನಳದಮಯಂತಿಯರ ಉಪಾಖ್ಯಾನದಿಂದ ಮೊದಲುಗೊಂಡು ವಾರಪತ್ರಿಕೆಯ ಧಾರಾವಾಹಿಯವರೆಗೆ ಈ ಕಟ್ಟಿನಲ್ಲಿ ಹೆಚ್ಚಿನ ವ್ಯತ್ಯಾಸವಾಗಿಲ್ಲ. ಕೊನೆಯಲ್ಲಿ ಅವರು ಕೂಡಿಯೇ ಕೂಡುವರೆಂದು ತಿಳಿದಿದ್ದರೂ ವಾಚಕರು ಕಥೆಯನ್ನು ಬಿಡುವುದಿಲ್ಲ; ಹಾಗೆ ತಿಳಿದಿರುವುದರಿಂದಲೇ ನಡುವಿನ ಕಷ್ಟಗಳನ್ನು ಸಹಿಸಿಕೊಂಡು ಓದುತ್ತಾರೆ ಎಂದರೂ ಸಲ್ಲುತ್ತದೆ.

ಆದರೆ ಒಲಿದವರಿಬ್ಬರೂ ಹೆಂಗಸರಾದರೆ, ಅಥವಾ ಇಬ್ಬರೂ ಗಂಡಸರಾದರೆ, ಈ ಮೂರರಲ್ಲಿ ಕೊನೆಯದು ಬಹುಕಾಲ ಕಥೆಗಳಲ್ಲಿ ದೊರೆಯುತ್ತಿರಲಿಲ್ಲ. ಈಗ ಇಂಗ್ಲಿಷಿನಲ್ಲಿ ಅಂತಹ ಜೋಡಿಗಳನ್ನು ಸುಖವಾಗಿ ಕೂಡಿಸುವ ಕಾದಂಬರಿಗಳು ವಿಪುಲವಾಗಿ ಹೊರಬರುತ್ತಿವೆ. ಕೋಲಾರದ ಕಾಲೇಜಿನ ವಿದ್ಯಾರ್ಥಿನಿಯೂ ಶ್ರೀನಿವಾಸಪುರದ ಗುಮಾಸ್ತೆಯೂ ಅಂಗೈಯಲ್ಲಿರುವ ಮೊಬೈಲಿನಲ್ಲಿಯೇ ಅವುಗಳನ್ನು ತರಿಸಿಕೊಂಡು ಓದಬಲ್ಲ ಕಾಲವಿದು. ಈ ಗ್ರಂಥಗಳ ಆಕರ್ಷಣೆಗೆ ಕಾರಣವೇನು? ಇದು ಪರದೇಶದಿಂದ ಬಂದ ಹೊಸ ಕುತೂಹಲವೋ, ಅಥವಾ ಬಹುದಿನದ ಹಸಿವೋ? ಇತಿಹಾಸದ ದಾರಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡದೆ ಈ ಪ್ರಶ್ನೆಗೆ ಉತ್ತರ ದೊರೆಯಲಾರದು.

೨

ಪ್ರಾಚೀನರು ಇಂತಹ ಸಂಗತಿಗಳನ್ನು ಅರಿಯದವರಾಗಿರಲಿಲ್ಲ. ಮಳೆ ಬಾರದ ವರ್ಷಗಳಲ್ಲಿ ಕನ್ನಡನಾಡಿನ ಊರುಗಳಲ್ಲಿ ವಿರಾಟಪರ್ವವನ್ನು ಓದಿಸುವ ವಾಡಿಕೆಯುಂಟು. ಆ ಪರ್ವದಲ್ಲಿ ಗಾಂಡೀವಿಯಾದ ಅರ್ಜುನನು ಬೃಹನ್ನಳೆಯಾಗಿ ಅಂತಃಪುರದ ಕನ್ಯೆಯರಿಗೆ ನಾಟ್ಯವನ್ನು ಕಲಿಸುತ್ತಾನೆ. ಕೋಲಾರ, ಮಾಲೂರು ಮೊದಲಾದ ಊರುಗಳ ಕರಗ ಮಹೋತ್ಸವದಲ್ಲಿ ಗಂಡಸು ಹೆಣ್ಣುಡುಗೆಯನ್ನುಟ್ಟು ದ್ರೌಪದಿಯ ಶಕ್ತಿಯನ್ನು ತಲೆಯ ಮೇಲೆ ಹೊತ್ತು ಬರುವುದನ್ನು ಊರಿಗೆ ಊರೇ ಭಕ್ತಿಯಿಂದ ನೋಡುತ್ತದೆ. ಇವು ಸಲಿಂಗಪ್ರೇಮದ ಕಥೆಗಳಲ್ಲ. ಹಾಗೆಂದು ಹೇಳುವುದು ಅವಿಚಾರವಾದೀತು. ಆದರೆ ಗಂಡು ಹೆಣ್ಣೆಂಬ ಗಡಿಯನ್ನು ದಾಟಿದ ರೂಪಗಳನ್ನು ಕಂಡು ಈ ಸೀಮೆಯ ಕಣ್ಣು ಬೆದರುವುದಿಲ್ಲವೆಂಬುದಕ್ಕೆ ಇವು ಸಾಕ್ಷಿಯಾಗಿವೆ.

ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು ಉದ್ಯೋಗಪರ್ವದ ಶಿಖಂಡಿಯ ವೃತ್ತಾಂತ. ದ್ರುಪದನಿಗೆ ಹುಟ್ಟಿದ ಮಗಳನ್ನು ಮಗನೆಂದೇ ಬೆಳೆಸಿ, ದಶಾರ್ಣದೇಶದ ರಾಜನಾದ ಹಿರಣ್ಯವರ್ಮನ ಮಗಳನ್ನು ತಂದು ಮದುವೆ ಮಾಡುತ್ತಾರೆ. ಕೈಹಿಡಿದವನು ಗಂಡಲ್ಲವೆಂಬುದು ವಧುವಿಗೆ ತಿಳಿಯುತ್ತದೆ; ಸುದ್ದಿಯು ತವರನ್ನು ಮುಟ್ಟುತ್ತದೆ; ಮಾವನು ದಂಡೆತ್ತಿ ಬರಲು ಸಿದ್ಧನಾಗುತ್ತಾನೆ. ಪ್ರಾಣವನ್ನು ಬಿಡಬೇಕೆಂದು ಅಡವಿಗೆ ಹೋದ ಶಿಖಂಡಿನಿಗೆ ಸ್ಥೂಣಾಕರ್ಣನೆಂಬ ಯಕ್ಷನು ಮರುಗಿ, ತನ್ನ ಗಂಡುತನವನ್ನು ಕೊಟ್ಟು ಅವಳ ಹೆಣ್ಣುತನವನ್ನು ತಾನು ತೆಗೆದುಕೊಳ್ಳುತ್ತಾನೆ. ಹೀಗೆ ಮದುವೆಯೂ ಉಳಿಯಿತು, ರಾಜ್ಯವೂ ಉಳಿಯಿತು. ಆದರೆ ನವವಧುವಿನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಥೆಯು ಹೇಳುವುದಿಲ್ಲ.

ವಂಗದೇಶದಲ್ಲಿ ಪ್ರಸಿದ್ಧವಾದ ಕೃತ್ತಿವಾಸನ ರಾಮಾಯಣದ ಕಥೆಯು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದಿಲೀಪನು ಸಂತಾನವಿಲ್ಲದೆ ತೀರಿಕೊಂಡಾಗ, ವಂಶವು ನಿಲ್ಲಬಾರದೆಂದು ಶಿವನು ಅವನ ಇಬ್ಬರು ವಿಧವಾಪತ್ನಿಯರಿಗೆ ವರವನ್ನು ಕೊಡುತ್ತಾನೆ. ಅವರಿಬ್ಬರ ಕೂಟದಿಂದಲೇ ಭಗೀರಥನು ಹುಟ್ಟಿದನೆಂದು ಅಲ್ಲಿ ಹೇಳಿದೆ. ಗಂಗೆಯನ್ನು ಭೂಮಿಗೆ ಇಳಿಸಿದ ಮಹಾಪುರುಷನಿಗೆ ಇಬ್ಬರು ತಾಯಂದಿರು!

ಈ ಕಥೆಗಳೆಲ್ಲದರಲ್ಲಿಯೂ ಸಮಾನವಾದ ಒಂದಂಶವುಂಟು. ಕೂಟವನ್ನು ಸಾಧ್ಯವಾಗಿಸುವುದು ಕೂಡುವವರ ಮನಸ್ಸಲ್ಲ; ವರ, ಶಾಪ ಅಥವಾ ವೇಷ. ಶಿಖಂಡಿಯ ಸಂಸಾರವು ನಿಲ್ಲಬೇಕಾದರೆ ಇಬ್ಬರಲ್ಲಿ ಒಬ್ಬರು ಬೇರೊಂದು ದೇಹವನ್ನು ಪಡೆಯಬೇಕಾಯಿತು. ದಿಲೀಪನ ರಾಣಿಯರಿಗೆ ವಂಶೋದ್ಧಾರವೆಂಬ ಕಾರಣ ಬೇಕಾಯಿತು. ಒಲವು ತಾನಾಗಿಯೇ ಸಾಕಾದ ಕಾರಣವೆಂದು ಯಾವ ಕಥೆಯೂ ಒಪ್ಪಲಿಲ್ಲ.

೩

ಕಾದಂಬರಿಯು ಹುಟ್ಟಿದ ಮೇಲೆ ಯಕ್ಷನು ಮರೆಯಾದನು. ೧೮೯೯ ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾದಾಗ ಕನ್ನಡದಲ್ಲಿ ಸಾಮಾಜಿಕ ಕಾದಂಬರಿಗೆ ಅಡಿಗಲ್ಲು ಬಿದ್ದಿತು. ಎಳೆಯ ವಿಧವೆಯೊಬ್ಬಳು ವಿದ್ಯೆಯನ್ನು ಕಲಿತು ಮರುಮದುವೆಯಾಗುವುದು ಅದರ ವಸ್ತು. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ ಸರಿ. ಆದರೆ ಕಾದಂಬರಿಯ ಕಣ್ಣು ಮದುವೆಯ ಮೇಲೆಯೇ ನೆಟ್ಟಿತು. ಯಾರು ಯಾರನ್ನು ಮದುವೆಯಾಗಬಹುದು, ಯಾವ ವಯಸ್ಸಿನಲ್ಲಿ ಆಗಬಹುದು, ಎರಡನೆಯ ಸಲ ಆಗಬಹುದೇ ಎಂಬ ವಾದಗಳ ನಡುವೆ ಮದುವೆಯ ಹೊರಗೆ ಉಳಿದ ಒಲವುಗಳಿಗೆ ಎಡೆಯಿರಲಿಲ್ಲ. ಅತ್ತ ೧೮೬೦ ರ ದಂಡಸಂಹಿತೆಯ ೩೭೭ ನೆಯ ವಿಧಿಯು ಅಂತಹ ಸಂಬಂಧವನ್ನು ಅಪರಾಧಗಳ ಪಟ್ಟಿಗೆ ಸೇರಿಸಿತ್ತು.

ಆ ಕಾಲದಲ್ಲಿ ಈ ವಿಷಯವನ್ನು ಮುಟ್ಟಿದವರು ಒಂದೋ ಬೈಯಬೇಕಾಗಿತ್ತು, ಇಲ್ಲವೇ ಮರೆಮಾಚಿ ಹೇಳಬೇಕಾಗಿತ್ತು. ಹಿಂದಿಯಲ್ಲಿ ಪಾಂಡೇಯ ಬೇಚನ್ ಶರ್ಮಾ ‘ಉಗ್ರ’ರು ೧೯೨೪ ರಲ್ಲಿ ‘ಚಾಕ್ಲೇಟ್’ ಎಂಬ ಕಥೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ೧೯೨೭ ರಲ್ಲಿ ಅದೇ ಹೆಸರಿನ ಸಂಕಲನವನ್ನು ಹೊರತಂದರು. ಅದರ ಉದ್ದೇಶ ಖಂಡನೆ. ಉರ್ದುವಿನಲ್ಲಿ ಇಸ್ಮತ್ ಚುಗ್ತಾಯಿ ಅವರು ೧೯೪೨ ರಲ್ಲಿ ‘ಲಿಹಾಫ್’ ಎಂಬ ಕಥೆಯನ್ನು ಪ್ರಕಟಿಸಿದರು. ನವಾಬನಿಂದ ಉಪೇಕ್ಷಿತಳಾದ ಬೇಗಮಳೂ ಅವಳ ಮೈಯೊತ್ತುವ ಸೇವಕಿಯೂ ಅದರ ಪಾತ್ರಗಳು. ಏನೂ ತಿಳಿಯದ ಹುಡುಗಿಯೊಬ್ಬಳು ಗೋಡೆಯ ಮೇಲೆ ಅಲುಗುವ ರಜಾಯಿಯ ನೆರಳನ್ನು ಕಂಡಂತೆ ಕಥೆಯು ನಡೆಯುತ್ತದೆ. ಅಶ್ಲೀಲವೆಂಬ ಆಪಾದನೆಯ ಮೇಲೆ ಲಾಹೋರಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಕಥೆಯಲ್ಲಿ ಒಂದಾದರೂ ಅಶ್ಲೀಲ ಶಬ್ದವನ್ನು ತೋರಿಸಲಾರದೆ ಹೋದುದರಿಂದ ಲೇಖಕಿಯು ನಿರ್ದೋಷಿಯಾಗಿ ಹೊರಬಂದರು. ಗ್ರಂಥಕರ್ತ್ರಿಯು ಗೆದ್ದರೂ ಅವಳ ಬೇಗಮಳ ಒಲವು ನೆರಳಾಗಿಯೇ ಉಳಿಯಿತು.

ಪಶ್ಚಿಮದೇಶಗಳ ಸ್ಥಿತಿಯು ಇದಕ್ಕಿಂತ ಉತ್ತಮವಾಗಿತ್ತೆಂದು ತಿಳಿಯಬೇಕಾಗಿಲ್ಲ. ರಾಡ್‌ಕ್ಲಿಫ್ ಹಾಲ್ ಎಂಬಾಕೆಯ ‘ದಿ ವೆಲ್ ಆಫ್ ಲೋನ್ಲಿನೆಸ್’ ೧೯೨೮ ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ಅದೇ ವರ್ಷ ನ್ಯಾಯಾಲಯದ ಆಜ್ಞೆಯಿಂದ ನಿಷೇಧಕ್ಕೊಳಗಾಯಿತು. ಇಬ್ಬರು ಹೆಂಗಸರ ಒಲವನ್ನು ಅದು ಅನುಕಂಪದಿಂದ ಚಿತ್ರಿಸಿತು. ಆದರೂ ಕೊನೆಯಲ್ಲಿ ನಾಯಿಕೆಯು ತಾನೊಲಿದವಳ ಹಿತವನ್ನೆಣಿಸಿ ಅವಳನ್ನು ಒಬ್ಬ ಪುರುಷನಿಗೆ ಬಿಟ್ಟುಕೊಡುತ್ತಾಳೆ. ಅನುಕಂಪವಿತ್ತು, ಕೂಟವಿರಲಿಲ್ಲ. ಭಾರತವನ್ನು ಬಲ್ಲವರಾದ ಇ. ಎಂ. ಫಾರ್ಸ್ಟರರು ‘ಮಾರಿಸ್’ ಎಂಬ ಕಾದಂಬರಿಯನ್ನು ೧೯೧೩-೧೪ ರಲ್ಲಿ ಬರೆದು, ಇಬ್ಬರು ಗಂಡಸರ ಒಲವು ಸುಖಾಂತವಾಗಲೇಬೇಕೆಂದು ಪಣತೊಟ್ಟವರಂತೆ ಹಾಗೆಯೇ ಮುಗಿಸಿದರು. ಆ ಸುಖಾಂತದ ದೆಸೆಯಿಂದಲೇ ಗ್ರಂಥವನ್ನು ಬೀರುವಿನಲ್ಲಿ ಇಡಬೇಕಾಯಿತು. ಅದು ಅಚ್ಚಾದುದು ೧೯೭೧ ರಲ್ಲಿ, ಅವರು ಕಾಲವಾದ ಮರುವರ್ಷ.

ಸುಖಾಂತವು ಮೊದಲಿಗೆ ಜನರ ಕೈಗೆ ಬಂದುದು ಅಮೆರಿಕದಲ್ಲಿ. ೧೯೫೨ ರಲ್ಲಿ ಪೆಟ್ರೀಷಿಯಾ ಹೈಸ್ಮಿತ್ ಎಂಬ ಲೇಖಕಿಯು ಕ್ಲೇರ್ ಮಾರ್ಗನ್ ಎಂಬ ಸುಳ್ಳು ಹೆಸರಿನಲ್ಲಿ ‘ದಿ ಪ್ರೈಸ್ ಆಫ್ ಸಾಲ್ಟ್’ ಎಂಬ ಕಾದಂಬರಿಯನ್ನು ಹೊರತಂದಳು. ಅಂಗಡಿಯಲ್ಲಿ ದುಡಿಯುವ ತರುಣಿಯೊಬ್ಬಳೂ, ಗಂಡನಿಂದ ಬೇರೆಯಾಗುತ್ತಿರುವ ಗೃಹಿಣಿಯೊಬ್ಬಳೂ ಅದರ ನಾಯಿಕೆಯರು. ಗೃಹಿಣಿಯು ಮಗಳ ಪೋಷಣೆಯ ಹಕ್ಕನ್ನು ಕಳೆದುಕೊಳ್ಳುತ್ತಾಳೆ. ಆದರೆ ಇಬ್ಬರೂ ಸಾಯುವುದಿಲ್ಲ, ಹುಚ್ಚರಾಗುವುದಿಲ್ಲ, ಕೊನೆಯ ಪುಟದಲ್ಲಿ ಒಬ್ಬಳು ಇನ್ನೊಬ್ಬಳ ಕಡೆಗೆ ನಡೆದುಬರುತ್ತಾಳೆ. ಅಗ್ಗದ ಮುದ್ರಣದಲ್ಲಿ ಆ ಪುಸ್ತಕದ ಸುಮಾರು ಹತ್ತು ಲಕ್ಷ ಪ್ರತಿಗಳು ಮಾರಾಟವಾದವು. ಸಣ್ಣ ಸಣ್ಣ ಊರುಗಳಿಂದ ವಾಚಕರು ಪ್ರಕಾಶಕರ ವಿಳಾಸಕ್ಕೆ ಕೃತಜ್ಞತೆಯ ಪತ್ರಗಳನ್ನು ಬರೆದರು. ತಮ್ಮಂತಹವರ ಕಥೆಯು ಸಾವಿಲ್ಲದೆ ಮುಗಿಯಬಹುದೆಂಬುದೇ ಅವರಿಗೆ ಹೊಸ ಸಂಗತಿಯಾಗಿತ್ತು.

೪

ಈ ಪತ್ರಗಳಲ್ಲಿಯೇ ಆಕರ್ಷಣೆಯ ಮೂಲವು ಕಾಣುತ್ತದೆ. ಪುರಾಣಕಥೆಯಲ್ಲಿ ಯಕ್ಷನು ವರವಾಗಿ ಕೊಟ್ಟುದನ್ನು ಇಲ್ಲಿ ಇಬ್ಬರು ಮನುಷ್ಯರು ತಮ್ಮ ಧೈರ್ಯದಿಂದ ಪಡೆಯುತ್ತಾರೆ. ಕೂಡುವುದಕ್ಕಾಗಿ ಇಬ್ಬರಲ್ಲಿ ಯಾರೂ ಬೇರೆಯವರಾಗಬೇಕಾಗಿಲ್ಲ. ಗಂಡುಹೆಣ್ಣಿನ ಪ್ರಣಯಕಥೆಯನ್ನು ಓದುವವರಿಗೆ ಸುಖಾಂತವು ದಿನದ ಊಟದಂತೆ. ಸಾವಿರ ಕಥೆಗಳಲ್ಲಿ ಅದು ಸಿಕ್ಕಿದೆ, ಸಾವಿರದೊಂದನೆಯದರಲ್ಲಿ ಸಿಕ್ಕದಿದ್ದರೂ ನಷ್ಟವಿಲ್ಲ. ಆದರೆ ತನ್ನಂತಹವರು ಕಥೆಯಲ್ಲಿ ಬಂದಾಗಲೆಲ್ಲ ಬಾವಿಗೆ ಬಿದ್ದುದನ್ನೋ, ನಗೆಪಾಟಲಾದುದನ್ನೋ ಮಾತ್ರ ಓದಿ ಬೆಳೆದವರಿಗೆ ಒಂದು ಸುಖಾಂತವೂ ಬದುಕುವ ದಾರಿಯ ಸುಳಿವಾಗುತ್ತದೆ.

ಎರಡನೆಯ ಕಾರಣ ಮಾತಿಗೆ ಸಂಬಂಧಿಸಿದುದು. ಈ ಒಲವನ್ನು ಸೂಚಿಸುವುದಕ್ಕೆ ಮನೆಮಾತಿನಲ್ಲಿ ಇರುವ ಶಬ್ದಗಳು ಬಹುಮಟ್ಟಿಗೆ ಬೈಗುಳಗಳೇ. ಬೈಗುಳವನ್ನೇ ಹೆಸರಾಗಿ ಪಡೆದ ಭಾವವನ್ನು ತಾಯಿಯ ಮುಂದೆಯಾಗಲಿ ಅಕ್ಕನ ಮುಂದೆಯಾಗಲಿ ಹೇಳುವುದು ಹೇಗೆ? ಕಾದಂಬರಿಯು ಆ ಭಾವವನ್ನು ನಾಲ್ಕು ಜನರ ನಡುವೆ ಆಡಬಹುದಾದ ಮಾತುಗಳಲ್ಲಿ ಹೇಳಿ ತೋರಿಸುತ್ತದೆ.

ಮೂರನೆಯದು, ಪುರುಷರನ್ನೇ ಒಲಿಯುವ ಹೆಂಗಸರೂ ಇಂತಹ ಕಾದಂಬರಿಗಳನ್ನು ಆದರದಿಂದ ಓದುವುದಕ್ಕೆ ಕಾರಣವಾದುದು. ಮದುವೆಯ ಕಾದಂಬರಿಯಲ್ಲಿ ಯಾರು ತವರನ್ನು ಬಿಡಬೇಕು, ಯಾರ ಮಾತು ನಡೆಯಬೇಕು ಎಂಬುದು ಕಥೆಯು ಪ್ರಾರಂಭವಾಗುವ ಮೊದಲೇ ಗೊತ್ತಾಗಿರುತ್ತದೆ. ಇಬ್ಬರು ಹೆಂಗಸರ ಸಂಸಾರದಲ್ಲಿ ಇದಾವುದೂ ಗೊತ್ತಾಗಿಲ್ಲ. ಒಲೆಯ ಮುಂದೆ ನಿಲ್ಲುವವರು ಯಾರು, ಹಣದ ಲೆಕ್ಕವಿಡುವವರು ಯಾರು ಎಂಬುದೆಲ್ಲ ಮಾತನಾಡಿಕೊಂಡೇ ತೀರ್ಮಾನವಾಗಬೇಕು. ಸಮಾನರ ಒಲವು ಹೇಗಿದ್ದೀತೆಂಬ ಕುತೂಹಲವು ಓದುವ ಹೆಣ್ಣಿಗೆ ಸಹಜವಾದುದು. ಇದರೊಡನೆ ಸ್ನೇಹವು ಎಲ್ಲಿ ಮುಗಿದು ಪ್ರಣಯವು ಎಲ್ಲಿ ಮೊದಲಾಯಿತೆಂಬ ಸಂದೇಹದ ಸ್ವಾರಸ್ಯವೂ ಸೇರುತ್ತದೆ. ಕನ್ನಡ ಕಾವ್ಯಗಳ ಸಖಿಯು ನಾಯಿಕೆಯ ವಿರಹವನ್ನು ತಣಿಸುವುದಕ್ಕೆ ತಾವರೆಯೆಲೆಯನ್ನು ಬೀಸುತ್ತ ಅವಳ ಪಕ್ಕದಲ್ಲಿಯೇ ಕುಳಿತಿರುತ್ತಾಳೆ. ಸಖಿಯ ಮನಸ್ಸನ್ನು ಕವಿಗಳು ವಿಚಾರಿಸಲಿಲ್ಲ. ಈ ಕಾದಂಬರಿಗಳು ವಿಚಾರಿಸುತ್ತವೆ.

ಇವೆಲ್ಲ ನಿಜಜೀವನವನ್ನು ಮರೆಸುವ ಕನಸುಗಳೆಂದು ಆಕ್ಷೇಪಿಸುವವರುಂಟು. ಇದೇ ಆಕ್ಷೇಪವನ್ನು ಹಿಂದೆ ಹೆಂಗಸರು ಓದುವ ಎಲ್ಲ ಕಾದಂಬರಿಗಳ ಮೇಲೆಯೂ ಹೊರಿಸುತ್ತಿದ್ದರು. ವಿಧವೆಯ ಮರುಮದುವೆಯೂ ‘ಇಂದಿರಾಬಾಯಿ’ಯ ಕಾಲದ ಅನೇಕ ಮನೆಗಳಿಗೆ ಕನಸೇ ಆಗಿತ್ತೆಂಬುದನ್ನು ನೆನೆದರೆ ಆಕ್ಷೇಪದ ಬಲವು ಕುಗ್ಗುತ್ತದೆ.

೫

ಕನ್ನಡದಲ್ಲಿ ಈ ವಸ್ತುವು ಮುಖ ತೋರಿಸಿದುದು ಸಣ್ಣಕಥೆಯ ಮೂಲಕ. ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೨೦ ರಲ್ಲಿ ‘ಕೆಲವು ಸಣ್ಣ ಕಥೆಗಳು’ ಎಂಬ ಸಂಕಲನವನ್ನು ಪ್ರಕಟಿಸಿ, ಮನೆಮಂದಿಯೆದುರಿಗೆ ಕುಳಿತು ಹೇಳಿದಂತಹ ಸರಳವಾದ ಕಥನಕ್ಕೆ ದಾರಿ ಮಾಡಿಕೊಟ್ಟರು. ಆ ಸಣ್ಣಕಥೆಯ ಪ್ರಕಾರದಲ್ಲಿಯೇ, ಸಂಡೂರಿನವರಾದ ವಸುಧೇಂದ್ರರು ೨೦೧೩ ರಲ್ಲಿ ‘ಮೋಹನಸ್ವಾಮಿ’ ಎಂಬ ಕಥಾಸಂಕಲನವನ್ನು ಹೊರತಂದರು. ಅದಕ್ಕೆ ಮೊದಲು ಅದರ ಒಂದು ಕಥೆಯು ಪತ್ರಿಕೆಯಲ್ಲಿ ಬೇರೊಂದು ಹೆಸರಿನ ಮರೆಯಲ್ಲಿ ಬಂದಿತ್ತು. ಗ್ರಂಥದ ಮೇಲೆ ತಮ್ಮ ಹೆಸರನ್ನೇ ಹಾಕಿ, ಅದರ ವೇದನೆಯೂ ತಮ್ಮದೇ ಎಂದು ವಸುಧೇಂದ್ರರು ಬಹಿರಂಗವಾಗಿ ಒಪ್ಪಿಕೊಂಡರು. ಹೈಸ್ಮಿತ್ತಳಿಗೆ ಬಂದಂತೆಯೇ ಇವರಿಗೂ ಅಪರಿಚಿತ ವಾಚಕರ ಕರೆಗಳೂ ಪತ್ರಗಳೂ ಹಲವಾರು ಬಂದವು. ೨೦೧೬ ರಲ್ಲಿ ರಶ್ಮಿ ತೆರದಾಳರ ಇಂಗ್ಲಿಷ್ ಅನುವಾದವು ಪ್ರಕಟವಾಯಿತು.

ಮೋಹನಸ್ವಾಮಿಯು ಒಲಿದ ಕಾರ್ತಿಕನು ಹೆಣ್ಣೊಬ್ಬಳನ್ನು ಮದುವೆಯಾಗಿ ಹೊರಟುಹೋಗುತ್ತಾನೆ. ಗ್ರಂಥದಲ್ಲಿ ಸೈಕಲ್ಲು ಹೊಡೆಯಲು ಬಾರದ ಹುಡುಗನ ಅವಮಾನವಿದೆ, ಕಿಲಿಮಾಂಜಾರೋ ಪರ್ವತವನ್ನೇರುವ ಪ್ರಯಾಸವಿದೆ. ಕೂಟವು ಕೈಗೂಡದಿದ್ದರೂ ನಾಯಕನು ನಾಶವಾಗುವುದಿಲ್ಲ. ಕನ್ನಡಕ್ಕೆ ಅದೇ ದೊಡ್ಡ ಲಾಭ.

ಅದೇ ೨೦೧೩ ರ ಡಿಸೆಂಬರ್ ೧೧ ರಂದು ಸರ್ವೋಚ್ಚ ನ್ಯಾಯಾಲಯವು ೩೭೭ ನೆಯ ವಿಧಿಯನ್ನು ಎತ್ತಿಹಿಡಿಯಿತು. ೨೦೧೮ ರ ಸೆಪ್ಟೆಂಬರ್ ೬ ರಂದು ವಯಸ್ಕರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ೨೦೨೩ ರ ಅಕ್ಟೋಬರ್ ೧೭ ರಂದು ಅಂತಹವರ ಮದುವೆಗೆ ಮಾನ್ಯತೆಯನ್ನು ಕೊಡಲೊಪ್ಪಲಿಲ್ಲ. ಹೀಗೆ ಒಲಿಯುವುದು ಅಪರಾಧವಲ್ಲವೆಂದಾಯಿತು, ಕೂಡಿ ಸಂಸಾರ ಹೂಡುವುದಕ್ಕೆ ಮದುವೆಯೆಂಬ ಹೆಸರು ಮಾತ್ರ ಬರಲಿಲ್ಲ. ನ್ಯಾಯಾಲಯದ ಕಥೆಯೂ ಎರಡನೆಯ ಸಂಗತಿಯವರೆಗೆ ಬಂದು ನಿಂತಿದೆ.

ಗಂಡಸರ ಒಲವಿಗೆ ಕನ್ನಡದಲ್ಲಿ ಮೋಹನಸ್ವಾಮಿಯು ಸಿಕ್ಕಿದನು. ಹೆಣ್ಣು ಹೆಣ್ಣನ್ನು ಒಲಿದು ಸುಖವಾಗಿ ಬಾಳಿದ ಕಥೆಯು ಅಷ್ಟೇ ಮನೆಮಾತಾಗುವಂತೆ ಇನ್ನೂ ಬರಬೇಕಾಗಿದೆ. ಅದು ಬರುವವರೆಗೆ ಮುಳಬಾಗಿಲಿನ ಹುಡುಗಿಯೊಬ್ಬಳು ತನ್ನ ಮನಸ್ಸಿನ ಸಂಗತಿಯನ್ನು ಲಂಡನ್ನಿನ ಬೀದಿಗಳಲ್ಲಿಯೋ ಅಮೆರಿಕದ ಅಂಗಡಿಗಳಲ್ಲಿಯೋ ನಡೆಯುವ ಕಥೆಗಳಲ್ಲಿ ಹುಡುಕಬೇಕಾಗುತ್ತದೆ. ಅಲ್ಲಿ ಅವಳಿಗೆ ಧೈರ್ಯವು ಸಿಕ್ಕೀತು. ಆದರೆ ಅತ್ತೆ, ಚಿಕ್ಕಮ್ಮ, ಅಜ್ಜಿ ಎಂದು ಕರೆಯುವ ಜನರ ನಡುವೆ ಆ ಧೈರ್ಯವನ್ನು ಆಡಿ ತೋರಿಸುವ ಮಾತು ಸಿಕ್ಕದು. ಆ ಮಾತು ಕನ್ನಡದಲ್ಲಿಯೇ ಹುಟ್ಟಬೇಕು.